ಇಲ್ದಿದ್ರೆ ಓಟು

ಪದವೀಧರರ ಕ್ಷೇತ್ರಕ್ಕೆ ನಾನು ಮೊದಲ ಸಲ ಮತ ಹಾಕಿದ್ದು ಶಿರಾ ತಾಲ್ಲೂಕು ಕಚೇರಿಯ ಹಿಂದಿನ ಒಂದು ಕೋಣೆಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಉಳಿದ ಚುನಾವಣೆಗಳಂತೆ ಅಲ್ಲಿ ಮುದ್ರೆ ಒತ್ತುವಂತಿರಲಿಲ್ಲ. ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕಿತ್ತು. ಕಾಗದ ಕೊಟ್ಟ ಗುಮಾಸ್ತರು ನನ್ನ ಮುಖ ನೋಡಿ, ಇವನಿಗೆ ಗೊತ್ತಿಲ್ಲ ಅಂದುಕೊಂಡು ವಿವರಿಸಿದರು: “ನೀವು ಒಂದು ಅಂತ ಬರೆದೋರು ಎಲ್ಲರಿಗಿಂತ ಹಿಂದೆ ಬಿದ್ದು ಹೋದ್ರು ಅನ್ನಿ. ಆಗ ನಿಮ್ಮ ಓಟು ಸಾಯಲ್ಲ ಸಾರ್. ಎದ್ದು ಎರಡು ಅಂತ ಬರೆದೋರ ಹತ್ರ ಹೋಗುತ್ತೆ.”

ಅವರು ನಿಜವಾಗಿ “ಎದ್ದು” ಅಂದರೋ, ನಾನೇ ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಕಳ್ಳಂಬೆಳ್ಳಕ್ಕೆ ವಾಪಸಾಗುವ ಬಸ್ಸಿನಲ್ಲಿ ಆ ಎರಡನೆಯ ಅಂಕಿ ಮಾತ್ರ ನನ್ನನ್ನು ಬಿಡಲಿಲ್ಲ. ಪೆಟ್ಟಿಗೆಯ ಕತ್ತಲಲ್ಲಿ ಅದು ಮಲಗಿರುತ್ತದೆ. ಮೊದಲಿನವನು ಬಿದ್ದ ಸುದ್ದಿ ಬಂದರೆ ಮಾತ್ರ ಕಣ್ಣು ತೆರೆಯುತ್ತದೆ. ಓದಿದವನಿಗೆ ಇಂಥ ಯೋಚನೆ ಬರಬಾರದು ಎಂದು ಅವತ್ತು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಬರೆದಿದ್ದೇನೆ ಎಂದರೆ, ಬಂದಿತ್ತು.

ನಾನಾಗ ಕಳ್ಳಂಬೆಳ್ಳದ ಹೈಸ್ಕೂಲಿನಲ್ಲಿ ಮೇಷ್ಟ್ರು. ಹುಟ್ಟಿದ್ದು ತೋವಿನಕೆರೆ ಕಡೆ, ಓದಿದ್ದು ಮೈಸೂರಿನಲ್ಲಿ. ನನ್ನ ಬಾಡಿಗೆ ಕೋಣೆ ಒಂದು ದಿನಸಿ ಅಂಗಡಿಯ ಹಿಂದಿತ್ತು. ದಿನಾ ಬೆಳಿಗ್ಗೆ ಮೊಸರು ತಂದುಕೊಡುತ್ತಿದ್ದ ಹೆಂಗಸು ಊರಾಚೆಯ ಕುರಿ ಸಾಕುವವರ ಹಟ್ಟಿಯವಳು. ಗಂಡ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ಹಟ್ಟಿಯ ಹಿಂದೆ ಬಂಡೆಗಳ ನಡುವೆ ಒಂದು ಗೋಮಾಳ. ಕುರಿ ಮೇಯುವುದೂ ಅಲ್ಲೇ, ಹಟ್ಟಿಯವರು ತಮ್ಮವರನ್ನು ಮಣ್ಣು ಮಾಡುವುದೂ ಅಲ್ಲೇ. ಅವಳ ಗಂಡನೂ ಒಂದು ದೊಡ್ಡ ಬಂಡೆಯ ನೆರಳಿನಲ್ಲಿ ಮಲಗಿದ್ದ. ತಲೆಯ ಕಡೆ ಒಂದು ಕಲ್ಲು ನೆಟ್ಟಿದ್ದರು.

ಆ ವರ್ಷ ಪಂಚಾಯ್ತಿ ಚುನಾವಣೆ ಬಂತು. ಹಟ್ಟಿ ಮತ್ತು ಅದಕ್ಕೆ ಅಂಟಿದ ಬೀದಿಗೆ ಒಂದೇ ಸೀಟು. ನಿಂತವರು ಮೂವರು. ಒಬ್ಬ ನನ್ನ ಮನೆಮಾಲೀಕ, ಅಂಗಡಿಯವನು. ಗೋಮಾಳದ ಬಂಡೆಗಳನ್ನು ಕಲ್ಲು ಒಡೆಯುವ ಕಂಟ್ರಾಕ್ಟರಿಗೆ ಬಿಟ್ಟುಕೊಟ್ಟರೆ ಹತ್ತು ಜನಕ್ಕೆ ಕೂಲಿ ಸಿಗುತ್ತದೆ ಎಂಬುದು ಅವನ ಮಾತು. ಇನ್ನಿಬ್ಬರು ಹಟ್ಟಿಯವರೇ: ಒಬ್ಬ ಮೊಸರಿನವಳ ಮೈದುನ, ಇನ್ನೊಬ್ಬ ಅವಳ ಸ್ವಂತ ತಮ್ಮ. ಗೋಮಾಳ ಬಿಡಬಾರದು ಎನ್ನುವುದರಲ್ಲಿ ಇಬ್ಬರಿಗೂ ಒಂದೇ ಮಾತು. ಬೇರೆ ಯಾವುದರಲ್ಲೂ ಒಂದೇ ಮಾತಿರಲಿಲ್ಲ. ಇಬ್ಬರೂ ಒಂದೊಂದು ಬಟ್ಟಲು ಹಾಲು ಹಿಡಿದುಕೊಂಡು ಮನೆಮನೆಗೆ ಹೋಗಿ, ತಮ್ಮ ಕಡೆಯವರಿಂದ ಹಾಲಿನ ಮೇಲೆ ಕೈ ಇಡಿಸಿ, “ಎರಡು ಬಗೆಯಾಕಿಲ್ಲ” ಎಂದು ಹೇಳಿಸಿಕೊಂಡರು. ಎರಡು ಬಗೆಯುವುದೆಂದರೆ ಆ ಜನಕ್ಕೆ ದ್ರೋಹ. ಬೇರೆ ಅರ್ಥವೇ ಇಲ್ಲ.

ಮತದಾನದ ದಿನ ನಾನು ಊರಲ್ಲಿರಲಿಲ್ಲ. ಕೊರಟಗೆರೆ ಕಡೆಯ ಒಂದು ಹಳ್ಳಿಗೆ ಚುನಾವಣೆ ಕೆಲಸಕ್ಕೆ ಹಾಕಿದ್ದರು. ಆದ್ದರಿಂದ ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಆದರೂ ಈಗ ನೆನೆಸಿಕೊಂಡರೆ ಕಂಡಂತೆಯೇ ಇದೆ, ಅದೇ ನನಗೆ ಅನುಮಾನ. ಸಂಜೆ, ಜಡಿಮಳೆ. ಮತಗಟ್ಟೆಯೊಳಗೆ ಅವಳ ಮೈದುನ ಕೂತಿದ್ದಾನೆ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದ ಒಬ್ಬ ಬಂದು ನಿಲ್ಲುತ್ತಾನೆ. ಗುಮಾಸ್ತ ಓದಿದ ಹೆಸರು ಮೈದುನನ ಸತ್ತ ಅಣ್ಣನದು. ಕೊಪ್ಪೆಯೊಳಗಿಂದ ಒಂದು ಕೈ ಬಂದು ಬೆರಳಿಗೆ ಮಸಿ ಹಾಕಿಸಿಕೊಂಡು, ಓಟು ಹಾಕಿ, ಮಳೆಗೆ ಇಳಿದು ಹೋಗುತ್ತದೆ.

“ಯಾಕ್ಲಾ ಸುಮ್ಕಿದ್ದೆ? ಸತ್ತೋನ ಹೆಸರಲ್ಲಿ ಯಾವನೋ ಬಂದವ್ನೆ ಅನ್ಬೇಕಿತ್ತು” ಎಂದು ಅವಳು ಮೈದುನನನ್ನು ಕೇಳಿದಳಂತೆ.

“ಹೆಂಗನ್ಲಿ ಅತ್ತಿಗೆ? ಎಡಗಾಲು ಎಳಕೊಂಡು ಬಂದ. ನಮ್ಮಣ್ಣನಂಗೇ.”

ಅಂಗಡಿಯವನು ಒಂದೇ ಒಂದು ಓಟಿನಿಂದ ಗೆದ್ದ. ಎರಡನೆಯವನು ಮೈದುನ. ತಮ್ಮ ಮೂರನೆಯವನಾದರೂ ಒಂದು ಹಿಡಿ ಓಟು ಅವನಿಗೂ ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಅವಳು ಮೊಸರಿನ ಗಡಿಗೆ ಇಳಿಸಿ, ಅಳೆದುಕೊಡದೆ ಕೂತುಬಿಟ್ಟಳು.

“ಮೇಷ್ಟ್ರೇ, ನನ್ ಗಂಡ ಯಾರಿಗೆ ಹಾಕ್ದ?”

“ಯಾರೋ ಕಳ್ಳ ಓಟು ಹಾಕಿದ್ದಾನಮ್ಮ. ಅಂಗಡಿಯವನ ಕಡೆಯವರೇ ಇರಬೇಕು.”

“ಇರ್ಬೌದು. ಆದ್ರೂ ಯಾರಿಗೆ? ಆ ಬಂಡೆ ಒಡೆಯೋನಿಗೇ ಹಾಕಿದ್ರೆ, ಅವ್ನಿಗೆ ಅಲ್ಲಿರಾಕೆ ಇಷ್ಟ ಇಲ್ಲ ಅಂತ ತಾನೇ? ಅಂಗಿದ್ರೆ ನಾನ್ ಸುಮ್ನಾಯ್ತೀನಿ. ಅಂಗಲ್ದಿದ್ರೆ ಆ ಕಲ್ಲಿನ್ ಮೇಲೆ ಹೋಗಿ ಕೂತ್ಕತೀನಿ, ನನ್ನೂ ಸೇರಿಸಿ ಒಡೀಲಿ.”

ಸಮಾಧಾನ ಮಾಡಲೆಂದು ಶಿರಾದಲ್ಲಿ ಕಲಿತದ್ದನ್ನು ಹೇಳಿದೆ. ನಿನ್ನ ತಮ್ಮನಿಗೆ ಹಾಕಿದವರೆಲ್ಲ ಪಕ್ಕದಲ್ಲಿ ಎರಡು ಎಂದು ಬರೆಯುವಂತಿದ್ದರೆ ಯಾರಿಗೆ ಬರೆಯುತ್ತಿದ್ದರು? ಬಹುಪಾಲು ನಿನ್ನ ಮೈದುನನಿಗೇ. ಗೋಮಾಳ ಉಳಿಯಬೇಕು ಎನ್ನುವವರು ಇಬ್ಬರ ಕಡೆ ಸೇರಿ ಹೆಚ್ಚೇ ಇದ್ದರು. ಎರಡು ಪಾಲಾದದ್ದರಿಂದ ಸೋತರು. ಹಾಗೆ ಎಣಿಸಿದ್ದರೆ ಸತ್ತವನ ಒಂದು ಓಟು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅವಳು ಪೂರಾ ಕೇಳಿಸಿಕೊಂಡಳು. “ಓದಿದೋರು ಎರಡು ಬಗೀಬೌದಾ?” ಎಂದು ಕೇಳಿದಳು. ನಗುತ್ತಿರಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ನನ್ ಗಂಡ ಹಾಲಿನ್ ಮ್ಯಾಲೆ ಆಣೆ ಇಟ್ಟಿರ್ಲಿಲ್ಲ. ಅವ್ನಿಗೊಬ್ನಿಗೇ ಎರಡು ಬಗೆಯೋ ಹಕ್ಕಿತ್ತು” ಎಂದಳು.

ಅದೇ ವರ್ಷ ಪಂಚಾಯ್ತಿ ಒಪ್ಪಿಗೆ ಕೊಟ್ಟಿತು. ಕಲ್ಲು ಒಡೆಯುವವರು ಗೋಮಾಳದ ಆಚೆ ತುದಿಯಿಂದ ಶುರು ಮಾಡಿದರು. ನನಗೆ ಪಾವಗಡಕ್ಕೆ ವರ್ಗವಾಯಿತು.

ಪಾವಗಡದಲ್ಲಿ ಕೆಲವು ವರ್ಷ ಇದ್ದೆ. ಮತ್ತೊಂದು ಪದವೀಧರರ ಚುನಾವಣೆಯಲ್ಲಿ ನನ್ನ ಜೊತೆ ಮತ ಹಾಕಲು ಬಂದ ಸಹೋದ್ಯೋಗಿಯೊಬ್ಬರು ಒಂದು ಹೆಸರಿನ ಮುಂದೆ ಒಂದು ಎಂದು ಬರೆದು, ಇನ್ನೊಂದರ ಮುಂದೆ “ಲೇಕಪೋತೇ ಈಯನ” ಎಂದು ಗೊಣಗಿಕೊಂಡು ಎರಡು ಬರೆದರು. ತೆಲುಗಿನಲ್ಲಿ ಲೇಕಪೋತೇ ಅಂದರೆ ಇಲ್ಲದಿದ್ದರೆ, ಈಯನ ಅಂದರೆ ಇವರು. ಮುಂದೆ ಹಟ್ಟಿಯಲ್ಲಿ ಹುಟ್ಟಿದ ಮಾತಿಗೆ ಇದೇ ಬೀಜವೋ, ಅಥವಾ ಹಟ್ಟಿಯಲ್ಲಿ ಕೇಳಿದ ಮೇಲೆ ನಾನು ಇದನ್ನು ನೆನಪಿನಲ್ಲಿ ಹಿಂದಕ್ಕೆ ಒಯ್ದು ಬಿತ್ತಿದೆನೋ, ಈಗ ಬಿಡಿಸಿ ನೋಡಲು ಆಗುತ್ತಿಲ್ಲ.

ಎಂಬತ್ತರ ದಶಕದ ನಡುವೆ ಮತ್ತೆ ಕಳ್ಳಂಬೆಳ್ಳಕ್ಕೆ ಬಂದೆ. ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಗೋಮಾಳ ಅರ್ಧ ಹೋಗಿತ್ತು. ಬಂಡೆಗೆ ಇಟ್ಟ ಮದ್ದು ಸಿಡಿಯುವ ಸದ್ದು ಕೆರೆ ಏರಿಯವರೆಗೆ ಬರುತ್ತಿತ್ತು. ಅವಳ ಗಂಡನ ಬಂಡೆಗೂ ಉದ್ದಕ್ಕೆ ಸಾಲಾಗಿ ತೂತು ಕೊರೆದಿದ್ದರು, ಒಡೆದಿರಲಿಲ್ಲ. ಒಂದು ಸಂಜೆ ಕರೆದುಕೊಂಡು ಹೋಗಿ ತೋರಿಸಿದಳು. ಗಾಳಿ ಬೀಸಿದಾಗ ಆ ತೂತುಗಳಲ್ಲಿ ಒಂದು ಸದ್ದು ಏಳುತ್ತಿತ್ತು. ಸಿಳ್ಳೆಯಲ್ಲ. ಯಾರೋ ಮಾತು ಶುರು ಮಾಡುವ ಮೊದಲು ಉಸಿರು ತೆಗೆದುಕೊಂಡಂತೆ. ಮಾತು ಮಾತ್ರ ಬರುವುದೇ ಇಲ್ಲ.

“ದಿನಾ ಬತ್ತೀನಿ. ಏನೋ ಹೇಳಾಕೆ ಬತ್ತಾನೆ, ಹೇಳಾಕಿಲ್ಲ” ಎಂದಳು.

ಮತ್ತೆ ಚುನಾವಣೆ ಬಂತು. ಈಗ ಮಂಡಲ ಪಂಚಾಯ್ತಿ. ಅದೇ ಮೂವರು. ಅದೇ ಹಾಲಿನ ಬಟ್ಟಲುಗಳು ಹೊರಬರುವ ಮೊದಲೇ ಅವಳು ನನ್ನ ಕೋಣೆಗೆ ಬಂದಳು.

“ಆವತ್ತು ಹೇಳಿದ್ರಲ್ಲ ಮೇಷ್ಟ್ರೇ, ಎದ್ದು ಹೋಗೋ ಓಟು. ಅದನ್ನ ಹಟ್ಟೀಗೆ ಬಂದು ಹೇಳಿ.”

“ಸರ್ಕಾರ ಒಪ್ಪಲ್ಲಮ್ಮ. ಅಲ್ಲಿ ಒಂದೇ ಮುದ್ರೆ.”

“ಸರ್ಕಾರದ್ದು ಇರ್ಲಿ ಬುಡಿ. ಅದಕ್ ಮೊದ್ಲು ನಾವ್ ನಮ್ಮನ್ನ ಎಣಿಸ್ಕಳಾಣ.”

ಹಟ್ಟಿಯವರು ಬೇವಿನ ಮರದ ಕೆಳಗೆ ಸೇರಿದರು. ಕಲ್ಲಿನ ಕೆಲಸಕ್ಕೆ ಹೋಗುವವರೂ ಅವರಲ್ಲಿ ಇದ್ದರು, ಅವರು ಬಹಿರಂಗವಾಗಿಯೇ ಅಂಗಡಿಯವನ ಕಡೆ. ಅವಳು ಕೇಳಿದ್ದು ಇಷ್ಟು: ಎಲ್ಲರೂ ಮೊದಲು ಯಾರು, ಅವನು ಬಿದ್ದರೆ ಆಮೇಲೆ ಯಾರು ಎಂದು ಹೇಳಬೇಕು. ಕಡೆಯವನನ್ನು ಕಳೆದು, ಅವನ ಜನರನ್ನು ಅವರವರ ಎರಡನೆಯವನಿಗೆ ಸೇರಿಸಿ ಎಣಿಸಿ, ಯಾರು ಮೇಲಾದರೋ ಅವರಿಗೇ ಇಡೀ ಹಟ್ಟಿ ಓಟು ಹಾಕಬೇಕು. ಅದು ಅಂಗಡಿಯವನೇ ಆದರೆ ಅವನಿಗೇ. ಆಗ ಅವಳೂ ಬಾಯಿ ಮುಚ್ಚಿಕೊಂಡು ಗಂಡನ ಕಲ್ಲು ಕೀಳಲು ಬಿಡುತ್ತಾಳೆ.

“ಅಕ್ಕಾ, ಎರಡು ಬಗೆ ಅಂತೀಯಲ್ಲೇ” ಎಂದ ಅವಳ ತಮ್ಮ.

“ಲೇ, ತಾಯಿ ಸತ್ತ ಮರೀನ ಇನ್ನೊಂದು ಕುರಿ ಮೊಲೆಗೆ ಬುಡಾಕಿಲ್ವಾ ನೀನು? ಆ ಮರಿ ತಾಯಿಗೆ ಎರಡು ಬಗೀತಾ? ಮೊದ್ಲು ತಾಯಿ. ಇಲ್ದಿದ್ರೆ ಇನ್ನೊಬ್ಳು. ಇದು ಎರಡನೇ ಓಟಲ್ಲ ಕಣ್ಲಾ, ಇಲ್ದಿದ್ರೆ ಓಟು.”

“ಮೇಷ್ಟ್ರ ಜಾತ್ಯಾಗೆ ಹಿಂಗೇ ಏನೋ, ಮರಿಗಿಬ್ರು ತಾಯಂದ್ರು” ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ನಗುವಿನಲ್ಲೇ ಒಪ್ಪಿಗೆಯೂ ಆಯಿತು.

ಎಣಿಸುವ ಜಾಗ ಹಟ್ಟಿಯ ಉಣ್ಣೆ ತುಂಬುವ ಕೋಣೆ. ಕಿಟಕಿ ಇಲ್ಲ, ನಡುಮಧ್ಯಾಹ್ನವೂ ಕತ್ತಲು. ಸುತ್ತ ಗೋಡೆಯೆತ್ತರಕ್ಕೆ ಉಣ್ಣೆಯ ಮೂಟೆಗಳು. ಅಲ್ಲಿ ಮಾತಾಡಿದರೆ ದನಿ ಗೋಡೆಗೆ ತಾಗಿ ವಾಪಸಾಗುವುದಿಲ್ಲ, ಉಣ್ಣೆಯೊಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಯಾರು ಏನು ಹೇಳಿದರು ಎಂದು ಹೊರಗಿನವನಾದ ನನಗೂ ತಿಳಿಯಬಾರದೆಂದು ಒಂದು ಕಂಬಳಿಯನ್ನು ಬಾಗಿಲ ಒಳಗಿನ ಕಲ್ಲಿನ ಮೇಲೆ ಇಟ್ಟರು. ಒಳಗೆ ಬಂದವರು ಅದನ್ನೇ ಕೊಪ್ಪೆ ಹಾಕಿಕೊಂಡು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಿಸುಗುಟ್ಟಿ, ಹೋಗುವಾಗ ಅಲ್ಲೇ ಕಳಚಿಡಬೇಕು. ಕಂಬಳಿ ಅವಳು ತಂದದ್ದು. ಅದು ಅವಳ ಗಂಡನದೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಹೆಸರು ಹೇಳುವಂತಿಲ್ಲ, ಬಣ್ಣ ಹೇಳಬೇಕು: ಮೈದುನ ಕರಿ, ತಮ್ಮ ಬಿಳಿ, ಅಂಗಡಿಯವನು ಕೆಂದ. ಕುರಿಗಳ ಬಣ್ಣ. ನನ್ನ ಮುಂದೆ ಮೂರು ಮೊರ, ಮಡಿಲಲ್ಲಿ ಹುಣಿಸೇಬೀಜ. ಮೊದಲು ಹೇಳಿದ ಬಣ್ಣದ ಮೊರಕ್ಕೆ ಒಂದು ಬೀಜ. ಆ ಮೊರದಲ್ಲೇ ಬಲಕ್ಕೆ ಇಟ್ಟರೆ ಇಲ್ದಿದ್ರೆ ಓಟು ಉಳಿದಿಬ್ಬರಲ್ಲಿ ಒಬ್ಬನಿಗೆ, ಎಡಕ್ಕೆ ಇಟ್ಟರೆ ಇನ್ನೊಬ್ಬನಿಗೆ, ನಡುವೆ ಇಟ್ಟರೆ ಇಲ್ದಿದ್ರೆ ಯಾರಿಗೂ ಇಲ್ಲ. ಹೊರಗೆ ಬಾಗಿಲ ಎರಡು ಕಡೆ ಮೈದುನ ಮತ್ತು ತಮ್ಮ ನಿಂತು, ರೊಪ್ಪಕ್ಕೆ ಕುರಿ ಬಿಡುವಾಗ ಎಣಿಸುವಂತೆ, ಒಳಗೆ ಹೋದವರನ್ನು ಎಣಿಸುತ್ತಿದ್ದರು. ಅವರು ಸಹ ಕಡೆಗೆ ಒಬ್ಬರಾದ ಮೇಲೆ ಒಬ್ಬರು ಒಳಗೆ ಬಂದು ಹೋದರು.

ಒಬ್ಬೊಬ್ಬರೇ ಬಂದರು. ಮೊದಮೊದಲು ಗಂಡಸೋ ಹೆಂಗಸೋ ಎಂದು ಊಹಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಅದೇ ಕಂಬಳಿ, ಅದೇ ಕಪ್ಪು ಬಾಯಿ, ಅದೇ ಪಿಸುಮಾತು. ಒಬ್ಬನೇ ಮನುಷ್ಯ ಹೋಗಿ ಹೋಗಿ ಮತ್ತೆ ಬಂದು ಬೇರೆ ಬೇರೆ ಮನಸ್ಸು ಹೇಳುತ್ತಿದ್ದಾನೆ ಅನ್ನಿಸತೊಡಗಿತು. “ಕರಿ. ಇಲ್ದಿದ್ರೆ ಬಿಳಿ.” “ಕೆಂದ. ಇಲ್ದಿದ್ರೆ ಯಾರೂ ಬ್ಯಾಡ.” “ಬಿಳಿ. ಇಲ್ದಿದ್ರೆ ಕರಿ.” ಒಂದಿಬ್ಬರು ಮರೆತು “ನಮ್ ಚಿಕ್ಕಪ್ಪ” ಅಂದರು, ಬಣ್ಣ ಹೇಳಿ ಎಂದು ತಿದ್ದಿದೆ. ನಡುವೆ ಅವಳು ಹೊಂಗೆ ಎಣ್ಣೆ ತಂದು ದೀಪಕ್ಕೆ ಸುರಿದು ಹೋದದ್ದು ನೆನಪಿದೆ. ಬೆಳಕು ಒಮ್ಮೆ ಎದ್ದಿತು.

ಆಮೇಲೋ, ಅದಕ್ಕೆ ಮೊದಲೋ, ಕೊಪ್ಪೆಯೊಳಗಿಂದ ಒಂದು ಮಾತು ಬಂತು: “ಮೊದ್ಲು ಅವಳ ತಮ್ಮ. ಇಲ್ದಿದ್ರೆ ನನ್ ತಮ್ಮ.”

ಇದನ್ನು ನಾನು ತಿದ್ದಲಿಲ್ಲ. ಯಾಕೆಂದರೆ ತಕ್ಷಣ ಅರ್ಥವಾಗಿಬಿಟ್ಟಿತು. ಬಿಳಿಯ ಮೊರದಲ್ಲಿ ಬಲಕ್ಕೆ, ಇಲ್ದಿದ್ರೆ ಕರಿ ಎನ್ನುವ ಕಡೆ, ಒಂದು ಬೀಜ ಇಟ್ಟೆ. ಕೊಪ್ಪೆ ಎದ್ದು ಹೋಯಿತು. ಮುಂದಿನವರು ಬಂದರು.

ಮೊರಗಳನ್ನು ಹೊರಗೆ ಬೇವಿನ ಕೆಳಗೆ ತಂದು ಎಲ್ಲರ ಮುಂದೆ ಎಣಿಸಿದೆವು. ಮೊದಲ ಎಣಿಕೆಯಲ್ಲಿ ಕೆಂದನೇ ಮುಂದೆ, ಬಿಳಿ ಎಲ್ಲರಿಗಿಂತ ಹಿಂದೆ. ಬಿಳಿಯ ಮೊರವನ್ನು ಬಿಡಿಸಿದೆವು. ನಡುವೆ ಬಿದ್ದವೂ ಇದ್ದವು. ಇಲ್ದಿದ್ರೆ ಎಂದು ಎಷ್ಟು ಹೇಳಿದರೂ ಎರಡು ಬಗೆಯಲಾರದವರ ಬೀಜಗಳು ಅವು, ಅಲ್ಲೇ ಉಳಿದವು. ಎಡದ್ದು ಕೆಂದಕ್ಕೆ, ಬಲದ್ದು ಕರಿಗೆ ಸೇರಿದವು. ಕರಿ ಒಂದೇ ಒಂದು ಬೀಜ ಮುಂದಾಯಿತು.

ಆಗ ಮೈದುನ ಎಲ್ಲ ಬೀಜವನ್ನೂ ಕೂಡಿಸಿ ನೋಡಿ, ಅವಳ ತಮ್ಮನ ಮುಖ ನೋಡಿದ. ತಮ್ಮನೂ ಅವನನ್ನೇ ನೋಡುತ್ತಿದ್ದ. ಒಳಗೆ ಹೋದವರಿಗಿಂತ ಬೀಜ ಒಂದು ಹೆಚ್ಚಿತ್ತು.

“ತಪ್ಪು ಎಣಿಸಿದ್ದೀರಿ” ಎಂದೆ.

“ದಿನಾ ಸಂಜೆ ಕುರಿ ಎಣಿಸೋರು ಸ್ವಾಮಿ ನಾವು. ಇಬ್ರೂ ತಪ್ಪತೀವಾ?”

ಕಲ್ಲು ಕೆಲಸದವರಲ್ಲಿ ಒಬ್ಬ, ಗಟ್ಟಿ ಆಳು, ಎದ್ದ. “ಅಂಗಾರೆ ಆ ಒಂದು ಬೀಜ ತೆಗೀರಿ. ಸಮ ಆಯ್ತದೆ. ದೇವರ ಹತ್ರ ಹೂ ಕೇಳಾಣ.”

ಯಾವುದನ್ನು ತೆಗೆಯುವುದು? ಎಲ್ಲವೂ ಹುಣಿಸೇಬೀಜ. ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ದನಿ ಮಾತ್ರ ಬಣ್ಣ ಹೇಳಲಿಲ್ಲ ಎಂದೆ. ಹಾಗೆ ಹೇಳುವಾಗಲೇ ಆ ಮಾತು ಯಾರದಾಗಬಹುದೆಂದು ನನಗೆ ಹೊಳೆಯಿತು, ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಏನಂತು?”

ಹೇಳಿದೆ. ಅವಳ ತಮ್ಮ, ಇಲ್ದಿದ್ರೆ ನನ್ ತಮ್ಮ.

ಆ ಇಬ್ಬರನ್ನೂ ಹಾಗೆ ಕರೆಯಬಹುದಾದವನು ಹಟ್ಟಿಯಲ್ಲಿ ಒಬ್ಬನೇ ಇದ್ದ. ಮೈದುನನಿಗೆ ಬೇರೆ ಅಣ್ಣಂದಿರಿಲ್ಲ, ಅಕ್ಕಂದಿರೂ ಇಲ್ಲ. ಕಲ್ಲು ಕೆಲಸದವನು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. “ಸರಿ ಬುಡಿ. ಹೋದ ಸಲ ಅಲ್ಲಿ ಹಾಕ್ದ, ಈ ಸಲ ಇಲ್ಲಿ ಹಾಕವ್ನೆ. ಅವ್ನ ಜಾಗ, ಅವ್ನ ಮಾತು” ಎಂದು ಕೂತ.

ಅವಳು ಮಾತ್ರ ನನ್ನ ಹತ್ತಿರ ಬಂದು, “ಇನ್ನೊಂದ್ ಸಲ ಹೇಳಿ” ಎಂದಳು. ಹೇಳಿದೆ. “ನನ್ ತಮ್ಮಂಗಾ ಮೊದ್ಲು? ಬದುಕಿರೋ ಗಂಟ ಇವ್ನ ಕೂಡ ಮಾತಾಡಿರ್ಲಿಲ್ಲವಲ್ಲ!” ಕಣ್ಣಲ್ಲಿದ್ದದ್ದು ಆಶ್ಚರ್ಯವೇ. ಅವಳ ತಮ್ಮ ಮುಖ ಆಚೆ ತಿರುಗಿಸಿಕೊಂಡ.

ಎಷ್ಟೋ ಸಲ ಇದನ್ನು ನನ್ನೊಳಗೆ ವಿಚಾರಣೆಗೆ ನಿಲ್ಲಿಸಿದ್ದೇನೆ. ಎಣ್ಣೆ ಸುರಿಯಲು ಬಂದವಳನ್ನು ಬಾಗಿಲಲ್ಲಿ ಯಾರೂ ಎಣಿಸಿರಲಿಲ್ಲ. ಕಂಬಳಿ ಒಳಗೇ ಇತ್ತು. ಗಂಡನ ಓಟನ್ನು ಅವಳೇ ಗಂಡನ ಮಾತಿನಲ್ಲಿ ಹಾಕಿ ಹೋಗಿರಬಹುದು. ಆದರೆ ಹಾಗಿದ್ದರೆ ಸುಮ್ಮನೆ “ಕರಿ” ಅಂದರೆ ಸಾಕಿತ್ತು. ಮಾತು ಬಿಟ್ಟಿದ್ದ ತಮ್ಮನನ್ನು ಮೊದಲು ಇಡಿಸಿದ್ದು ಯಾಕೆ? ಅವರಿಬ್ಬರನ್ನು ಒಂದು ಮಾಡಬೇಕೆಂದೇ? ಅಥವಾ ನಾನು ಕೇಳಿದ್ದೇ ಬೇರೆಯೋ? ಅವತ್ತಿನ ದಿನಚರಿಯಲ್ಲಿ “ಮೊದಲು ಅವಳ ತಮ್ಮ, ಇಲ್ಲದಿದ್ದರೆ ನನ್ನ ತಮ್ಮ” ಎಂದಿದೆ. ಅದು ನನ್ನ ಬರಹದ ಕನ್ನಡ, ಆ ದನಿಯ ಕನ್ನಡವಲ್ಲ. ಅಷ್ಟು ಬದಲಾಯಿಸಿದವನು ಇನ್ನೆಷ್ಟು ಬದಲಾಯಿಸಿದ್ದೇನೋ.

ಅವಳ ತಮ್ಮ ಹಿಂದೆ ಸರಿದ. ಮತದಾನದ ದಿನವೂ ತುಂತುರು ಮಳೆ. ಅವಳು ಬೆಳಿಗ್ಗೆಯಿಂದ ಮತಗಟ್ಟೆಯಾಗಿದ್ದ ಶಾಲೆಯ ಗೇಟಿನಲ್ಲಿ ಕೂತು ಕಂಬಳಿ ಹೊದ್ದು ಬಂದ ಪ್ರತಿಯೊಬ್ಬನನ್ನೂ ನಿಲ್ಲಿಸುತ್ತಿದ್ದಳಂತೆ. “ಕೊಪ್ಪೆ ತೆಗೀಲಾ, ಮಕ ನೋಡಾಣ.” “ಏ ಅತ್ತೆ, ನೆನೀತೀನಿ ಕಣಮ್ಮ, ನಾನಿನ್ನೂ ಸತ್ತಿಲ್ಲ!” ಸಂಜೆಯವರೆಗೂ ಅವಳ ಗಂಡನ ಹೆಸರಿಗೆ ಯಾರೂ ಬರಲಿಲ್ಲ. ಮೈದುನ ಗೆದ್ದ, ಈ ಸಲ ಒಂದು ಓಟಿನಿಂದಲ್ಲ. ಕೆಲವು ತಿಂಗಳಲ್ಲಿ ಕಲ್ಲು ಒಡೆಯುವುದು ಆ ಬಂಡೆಗೆ ಈಚೆ ಬರದೆ ನಿಂತಿತು.

ಗಂಡ ಈ ಸಲ ಮತಗಟ್ಟೆಗೆ ಬಾರದ್ದಕ್ಕೆ, “ಹೇಳ್ಬೇಕಾದ್ದು ಹೇಳಾಯ್ತಲ್ಲ, ಇನ್ಯಾಕೆ ಬತ್ತಾನೆ” ಎಂದಳು ನನಗೆ.

ಮಧುಗಿರಿಗೆ ವರ್ಗವಾಗಿ ಹೊರಡುವ ಮುಂಚೆ ಕಡೆಯ ಸಲ ಗೋಮಾಳಕ್ಕೆ ಹೋದೆವು. ಕೊರೆದ ತೂತುಗಳು ಹಾಗೇ ಇದ್ದವು. ಗಾಳಿ ಬೀಸಿತು, ಅದೇ ಉಸಿರು. ಅವಳು ಕಲ್ಲಿಗೆ ಒರಗಿದ್ದ ಒಣ ಮುಳ್ಳನ್ನು ಆಚೆ ಹಾಕುತ್ತ ಕೇಳಿದಳು:

“ಮೇಷ್ಟ್ರೇ, ನಿಮ್ ಓದಿದೋರ ಓಟಲ್ಲಿ ಎರಡು ಅಂತ ಬರೀತೀರಲ್ಲ. ಒಂದು ಅಂತ ಬರೆದೋನೇ ಗೆದ್ಬುಟ್ರೆ, ಆ ಎರಡು ಏನಾಯ್ತದೆ?”

“ಏನೂ ಆಗಲ್ಲ. ಅದನ್ನ ಯಾರೂ ಓದೋದೇ ಇಲ್ಲ. ಕಟ್ಟಿನೊಳಗೆ ಇರುತ್ತೆ.”

“ಕರೀತಾರೆ ಅಂತ ಕಾಯ್ಕೊಂಡು?”

“ಹೂಂ.”

ಅವಳು ಬಂಡೆಯ ಕಡೆ ಕಿವಿ ಕೊಟ್ಟು ನಿಂತಳು. ನಾನೂ ನಿಂತೆ. ನನಗೆ ಕೇಳಿಸಿದ್ದು ಗಾಳಿ ಎಂದೇ ಬರೆದುಕೊಂಡಿದ್ದೇನೆ.

“ಇರ್ಲಿ ಬುಡಿ” ಎಂದಳು. “ಇವ್ನೂ ಇಲ್ಲೇ ಇರ್ಲಿ.”